ತೋಟದ ಹಳ್ಳದ ಬದಿಯಲ್ಲಿ ಚಿಟ್ಟುಕೋಳಿ ಗೂಡು ಸಿಕ್ಕಿದೆ, ಏನು ಮಾಡಲಿ?

ಹಾನುಬಾಳು ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕಿನಲ್ಲಿ ರೊಬಸ್ಟಾ ತೋಟ, ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ತೋಟದ ಕೆಳಗೆ ಹಳ್ಳ. ಹಳ್ಳದ ಬದಿಯ ಅರ್ಧ ಎಕರೆ ಜಾಗವನ್ನು ನಮ್ಮ ಮಾವನವರ ಕಾಲದಿಂದಲೂ ಯಾರೂ ಮುಟ್ಟಿಲ್ಲ. ಲಂಟಾನ, ಬಿದಿರು ಮೆಳೆ, ಎರಡು ಅತ್ತಿ ಮರ, ನೆಲ ಕಾಣದಷ್ಟು ತರಗೆಲೆ. ಈ ವರ್ಷ ಮೆಣಸು ಕೊಯ್ಲು ಮುಗಿದ ಮೇಲೆ ಅಲ್ಲೂ ಸವರಿಸಿ, ಮಳೆ ಹಿಡಿದಾಗ ಕಾಫಿ ಗಿಡ ನೆಡೋಣ ಅಂತ ಕೆಲಸ ಶುರು ಮಾಡಿಸಿದೆ.

ಮೊನ್ನೆ ಕೆಲಸದವರು ಮಷೀನಿನಲ್ಲಿ ಕಳೆ ಹೊಡೆಯುತ್ತಾ ಹೋದಾಗ ಕಾಲ ಬುಡದಿಂದಲೇ ಒಂದು ಹಕ್ಕಿ ಎದ್ದು ಓಡಿತಂತೆ. ನನ್ನನ್ನು ಕೂಗಿದರು. ಹೋಗಿ ನೋಡಿದರೆ ಮೆಳೆಯ ಬುಡದಲ್ಲಿ, ನೆಲದಲ್ಲೇ, ಒಂದು ಸಣ್ಣ ಗುಳಿ. ಅದಕ್ಕೆ ಒಣ ಎಲೆ ಹಾಸಿದೆ. ನಾಲ್ಕು ಮೊಟ್ಟೆ ಇವೆ. ಕೆನೆ ಬಣ್ಣ, ನಾಟಿಕೋಳಿ ಮೊಟ್ಟೆಗಿಂತ ಚಿಕ್ಕವು. ಕೂಡಲೇ ಕೆಲಸ ನಿಲ್ಲಿಸಿ ಎಲ್ಲರನ್ನೂ ಮೇಲಕ್ಕೆ ಕಳಿಸಿದೆ.

ದೂರದಲ್ಲಿ ನಿಂತು ಕಾದಾಗ ಹಕ್ಕಿ ಕಾಣಿಸಿತು. ಊರ ಕೋಳಿಗಿಂತ ಚಿಕ್ಕದು. ಕಂದುಗೆಂಪು ಮೈ, ಮೇಲೆಲ್ಲ ಕಪ್ಪು ಗುರುತುಗಳು. ಕಾಲು ಕೆಂಪು, ಕಣ್ಣಿನ ಸುತ್ತಲೂ ಕೆಂಪು ಚರ್ಮ. ನಮ್ಮ ಕೆಲಸದವರಲ್ಲಿ ಒಬ್ಬರು ಕೆಂಬೂತ ಅಂದರು, ಇನ್ನೊಬ್ಬರು ಕಾಡುಕೋಳಿ ಹೇಂಟೆ ಅಂದರು. ನಮ್ಮತ್ತೆ ಮಾತ್ರ ಕಾಲಿನ ಬಣ್ಣ ಕೇಳಿದ ತಕ್ಷಣ ಚಿಟ್ಟುಕೋಳಿ ಅಂದರು.

ಯಾವುದು ಸರಿ? ತಾಯಿ ವಾಪಸ್ ಬರದಿದ್ದರೆ ಮೊಟ್ಟೆಗಳನ್ನು ಮನೆಯಲ್ಲಿ ಕಾವಿಗೆ ಕೂತಿರುವ ಹೇಂಟೆಯ ಕೆಳಗೆ ಇಡಬಹುದಾ? ಆ ಜಾಗವನ್ನು ಎಷ್ಟು ದಿನ ಬಿಡಬೇಕು? ತಿಳಿದವರು ದಯವಿಟ್ಟು ಬೇಗ ಹೇಳಿ.

ವಾರಾಂತ್ಯದ ಹಕ್ಕಿನೋಟ:

ಮೇಡಂ, ಮೊದಲು ಮುಖ್ಯವಾದದ್ದು. ಮೊಟ್ಟೆ ಮುಟ್ಟಬೇಡಿ, ಮನೆಗೆ ತರಬೇಡಿ. ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಜಾಗ ನಮ್ಮ ಸ್ವಂತದ್ದಾದರೂ ಅಷ್ಟೇ. ನೀವು ಕೆಲಸ ನಿಲ್ಲಿಸಿದ್ದು ತುಂಬಾ ಒಳ್ಳೆಯದಾಯಿತು.

ಹೆಸರಿನ ಬಗ್ಗೆ ಅನುಮಾನ ಇದ್ದರೆ ಬೆಳಗಿನ ಜಾವ ಮನೆಯ ಅಂಗಳದಿಂದಲೇ ಮೊಬೈಲಿನಲ್ಲಿ ಕೂಗು ರೆಕಾರ್ಡ್ ಮಾಡಿ. ಕೂಗಿನಿಂದ ಹಕ್ಕಿ ಗುರುತಿಸುವ ಮರ್ಲಿನ್ ಆಪ್‌ನಲ್ಲಿ ನೋಡಬಹುದು. ಗೂಡಿನ ಹತ್ತಿರ ಕೂಗಿನ ರೆಕಾರ್ಡಿಂಗ್ ಹಾಕಿ ಹಕ್ಕಿಯನ್ನು ಕರೆಯುವುದು ಮಾತ್ರ ಬೇಡ.

ಕೊಪ್ಪದ ಕಾನು:

ಅಕ್ಕ, ನಿಮ್ಮತ್ತೆ ಹೇಳಿದ್ದೇ ಸರಿ. ಅದು ಕೆಂಪು ಚಿಟ್ಟುಕೋಳಿ, ಹೆಣ್ಣು. ಕೆಂಪು ಕಾಲು, ಕಣ್ಣ ಸುತ್ತ ಕೆಂಪು ಚರ್ಮ, ಕೋಳಿಯಂಥ ಮೈಕಟ್ಟು ಮೂರೂ ಸೇರಿದರೆ ನಮ್ಮ ಮಲೆನಾಡಿನಲ್ಲಿ ಬೇರೆ ಹಕ್ಕಿ ಯೋಚಿಸಬೇಕಾಗಿಲ್ಲ. ಕಾಡುಕೋಳಿ ಹೇಂಟೆ ಇದಕ್ಕಿಂತ ದೊಡ್ಡದು, ಸುಮಾರು 46 ಸೆಂ.ಮೀ. ಅದರ ಎದೆ, ಹೊಟ್ಟೆಯ ಬಿಳಿ ಗರಿಗಳಿಗೆ ಕಪ್ಪು ಅಂಚು ಇರುತ್ತದೆ, ಕಾಲು ಹಳದಿ. ಚಿಟ್ಟುಕೋಳಿ 36 ಸೆಂ.ಮೀ. ಅಷ್ಟೇ. ಕೆಂಬೂತಕ್ಕೆ ಮೈ ಕಪ್ಪು, ರೆಕ್ಕೆ ಮಾತ್ರ ಕಂದುಗೆಂಪು, ಬಾಲ ಉದ್ದ. ಅದು ನೆಲದಲ್ಲಿ ಮೊಟ್ಟೆ ಇಡುವುದೂ ಇಲ್ಲ, ಪೊದೆಯೊಳಗೆ ಮೇಲೆ ಗುಂಡಗಿನ ಗೂಡು ಕಟ್ಟುತ್ತದೆ. ಕೆಲಸದವರು ಕೆಂಬೂತ ಅಂದದ್ದು ಯಾಕೆ ಅಂತ ಅರ್ಥವಾಗುತ್ತದೆ. ಎರಡೂ ಲಂಟಾನದ ಸಂದಿಯಲ್ಲಿ ತಲೆ ತಗ್ಗಿಸಿ ಓಡುತ್ತವೆ, ನಮಗೆ ಒಂದು ಕ್ಷಣ ಕೆಂಪು ಬಣ್ಣ ಕಂಡು ಮಾಯ.

ಗಂಡು ಇನ್ನೂ ಗಾಢ ಕಂದುಗೆಂಪು, ಗರಿಗಳ ಅಂಚು ಮಾಸಲಾಗಿರುವುದರಿಂದ ಮೈಮೇಲೆ ಹುರುಪೆ ಹುರುಪೆ ಕಾಣುತ್ತದೆ. ತಲೆ ಬೂದುಗಂದು. ಅದರ ಕಾಲು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಊರ ಹುಂಜಕ್ಕೆ ಕಾಲಿಗೊಂದು ಮುಳ್ಳು. ಇದಕ್ಕೆ ಒಂದೊಂದು ಕಾಲಿಗೂ ಎರಡು, ಕೆಲವಕ್ಕೆ ಮೂರೂ ಇರುತ್ತವೆ. ಹೆಣ್ಣಿಗೂ ಮುಳ್ಳು ಇರುತ್ತದೆ, ಅದು ಈ ಜಾತಿಯ ವಿಶೇಷ.

ಈಗ ಗೂಡಿನ ವಿಷಯ. ತಾಯಿ ವಾಪಸ್ ಬರುತ್ತದೆ ಅಂತಲೇ ಇಟ್ಟುಕೊಳ್ಳಿ. ಕಾವು ಕೂರುವುದು ಹೆಣ್ಣು ಒಂದೇ. ಮೈಬಣ್ಣ ತರಗೆಲೆಯಲ್ಲಿ ಸೇರಿಹೋಗುವುದರಿಂದ ಅದು ಕೊನೆಯ ಗಳಿಗೆಯವರೆಗೂ ಅಲ್ಲಾಡದೆ ಕೂತಿರುತ್ತದೆ. ಗಂಡು ಸುತ್ತಮುತ್ತಲೇ ಇರುತ್ತದೆ. ಅಪಾಯ ಬಂದರೆ ತಾನು ಎದುರಿಗೆ ಕಾಣಿಸಿಕೊಂಡು ಗಮನ ಬೇರೆ ಕಡೆ ಸೆಳೆಯುತ್ತದೆ, ಮುಂದೆ ಮರಿಗಳನ್ನೂ ಕಾಯುತ್ತದೆ. ಜೋಡಿ ಬಿಡುವ ಹಕ್ಕಿ ಅಲ್ಲ ಇದು. ಹಾಗಾಗಿ ನಿಮ್ಮ ಕೆಲಸ ಒಂದೇ, ಅವಕ್ಕೆ ನೆಮ್ಮದಿ ಕೊಡುವುದು. ಮೊಟ್ಟೆ ಇದೆಯಾ ಅಂತ ದಿನಾ ಹೋಗಿ ನೋಡಬೇಡಿ. ನಾವು ನಡೆದ ಕಡೆ ಹುಲ್ಲು ಬಾಗಿ ದಾರಿ ಬೀಳುತ್ತದೆ, ಮುಂಗುಸಿ, ಉಡ, ಪುನುಗು ಬೆಕ್ಕು, ನಾಯಿ ಎಲ್ಲವೂ ಆ ದಾರಿ ಹಿಡಿಯಬಹುದು. ಗೂಡಿನ ಮೇಲೆ ಬಾಗಿರುವ ಒಂದು ಕಡ್ಡಿಯನ್ನೂ ಕಡಿಯಬೇಡಿ. ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ ಒಂದು ಮರಕ್ಕೆ ಬಟ್ಟೆ ಕಟ್ಟಿ, ಅಲ್ಲಿಂದ ಕೆಳಗೆ ಯಾರೂ ಇಳಿಯಬಾರದು ಅಂತ ಹೇಳಿಬಿಡಿ.

ಮನೆ ಹೇಂಟೆಯ ಕೆಳಗೆ ಇಡುವ ಯೋಚನೆ ಒಳ್ಳೆಯ ಮನಸ್ಸಿನಿಂದ ಬಂದದ್ದು, ಗೊತ್ತು. ಕಾನೂನು ಪಕ್ಕಕ್ಕಿಡಿ, ಆದರೂ ಬೇಡ. ಈ ಮರಿಗಳು ಮೊಟ್ಟೆಯಿಂದ ಹೊರಗೆ ಬಂದು ಮೈ ಒಣಗಿದ ಮೇಲೆ ಗೂಡಲ್ಲಿ ನಿಲ್ಲುವುದಿಲ್ಲ, ತಾಯಿಯ ಹಿಂದೆ ನಡೆದುಬಿಡುತ್ತವೆ. ಎಲ್ಲಿ ಗೆದ್ದಲು ಸಿಗುತ್ತದೆ, ಯಾವ ಕೂಗಿಗೆ ಅಡಗಬೇಕು ಅನ್ನುವುದೆಲ್ಲ ಅವಕ್ಕೆ ಬರುವುದು ಅಪ್ಪ ಅಮ್ಮನ ಜೊತೆ ಓಡಾಡಿಯೇ. ಇನ್ನೊಂದು ಭಯ ರೋಗದ್ದು. ಊರ ಕೋಳಿಗೆ ಬರುವ ಕೊಕ್ಕರೆ ರೋಗದಂಥವು ಮರಿಗಳಿಗೆ ಅಂಟಿದರೆ, ಅವನ್ನು ಕಾಡಿಗೆ ಬಿಟ್ಟಾಗ ಅಲ್ಲಿನ ಕಾಡುಕೋಳಿ, ಚಿಟ್ಟುಕೋಳಿಗಳಿಗೂ ಹರಡುವ ಸಾಧ್ಯತೆ ಇದೆ.

ಆ ಅರ್ಧ ಎಕರೆ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಡಿಕೆ ತೋಟದ ಮೇಲ್ಗಡೆ ಕಾನಿನ ಅಂಚಿನಲ್ಲಿ ಒಂದು ಜೋಡಿ ವರ್ಷಗಳಿಂದ ಇದೆ. ಚಿಟ್ಟುಕೋಳಿಗಳು ಊರೂರು ಸುತ್ತುವ ಹಕ್ಕಿಗಳಲ್ಲ. ತಮ್ಮ ಜಾಗ ಅಂತ ಒಂದು ಹಿಡಿದರೆ ಬೇಸಿಗೆ, ಮಳೆಗಾಲ ಎರಡೂ ಅಲ್ಲೇ. ಬೆಳಗಿನ ಜಾವ ಅಲ್ಲಿಂದಲೇ ‘ಕ್ರ್ರ್-ಕ್ವೆಕ್, ಕ್ರ್-ಕ್ರ್-ಕ್ವೆಕ್’ ಅಂತ ಕೇಳಿಸುತ್ತದೆ. ಗಾಬರಿಯಾದರೆ ‘ಕುಕ್-ಕುಕ್-ಕುಕ್-ಕುಕಾಕ್’ ಅಂತ ಗದ್ದಲ ಎಬ್ಬಿಸುತ್ತವೆ, ಊರ ಕೋಳಿಯೇ ಕಾಡಿಗೆ ಹೋಗಿದೆ ಅನ್ನಿಸುವಷ್ಟು ಅದೇ ದನಿ. ಹಾರುವುದು ಅವಕ್ಕೆ ಕೊನೆಯ ಉಪಾಯ. ಮೊದಲು ಓಡುತ್ತವೆ. ತೀರಾ ಹತ್ತಿರ ಹೋದರೆ ಮಾತ್ರ ರೆಕ್ಕೆ ಬಡಿದು ಎದ್ದು, ಸ್ವಲ್ಪ ದೂರ ಹೋಗಿ ಮತ್ತೆ ಪೊದೆಗೆ ಇಳಿಯುತ್ತವೆ. ರಾತ್ರಿ ಮಾತ್ರ ಮರ ಹತ್ತಿ ಕೂರುತ್ತವೆ.

ಇಂಥ ಹಕ್ಕಿಗೆ ಕೆಳಗಿನ ಪೊದೆ ಹೋಯಿತು ಅಂದರೆ ಎಲ್ಲವೂ ಹೋದ ಹಾಗೆ. ಮೇಲೆ ಮರ ಎಷ್ಟೇ ಇರಲಿ, ಪ್ರಯೋಜನವಿಲ್ಲ. ನೆರಳಿನ ಕಾಫಿ ಹಕ್ಕಿಗಳಿಗೆ ಒಳ್ಳೆಯದು ಅಂತ ನಾವೆಲ್ಲ ಹೇಳುತ್ತೇವೆ. ಮಂಗಟ್ಟೆಗೆ, ಕುಟ್ರುಹಕ್ಕಿಗೆ ಅದು ನಿಜ. ಚಿಟ್ಟುಕೋಳಿ ಬದುಕುವುದು ನಮ್ಮ ಮೊಣಕಾಲಿನ ಎತ್ತರದ ಕೆಳಗೆ. ತರಗೆಲೆ ಕೆದರಬೇಕು, ಅದರಡಿಯ ಬೀಜ, ಗೆದ್ದಲು, ಹುಳು, ಸಣ್ಣ ಬಸವನಹುಳು ಹೆಕ್ಕಬೇಕು. ಉದುರಿದ ಅತ್ತಿಹಣ್ಣು, ಲಂಟಾನದ ಹಣ್ಣು ತಿನ್ನಬೇಕು. ತಿಂದದ್ದು ಅರೆಯುವುದಕ್ಕೆ ಸಣ್ಣ ಕಲ್ಲು ನುಂಗಬೇಕು. ನಿಮ್ಮ ತೋಟದ ಮಣ್ಣಿನ ರಸ್ತೆಯಲ್ಲಿ ಮುಂಜಾನೆ ಜೀಪು ಓಡುವ ಮೊದಲು ನೋಡಿ, ಕಲ್ಲು ಹೆಕ್ಕಲು ಜೋಡಿ ಬಂದಿರಬಹುದು. ಕೆಲವು ಕಡೆ ಮೂರರಿಂದ ಐದು ಹಕ್ಕಿಗಳ ಗುಂಪೂ ಕಾಣುತ್ತದೆ.

ಇನ್ನೊಂದು ಮಾತು. ಹಿಂದೆ ಕತ್ತಿಯಲ್ಲಿ ಕಾಡು ಸವರುತ್ತಿದ್ದಾಗ ಕೆಲಸದವರು ಒಂದೊಂದೇ ಬುಡ ಹಿಡಿದು ಕಡಿಯುತ್ತಿದ್ದರು. ಗೂಡು ಇದ್ದರೆ ಕಣ್ಣಿಗೆ ಬೀಳುತ್ತಿತ್ತು, ಅಷ್ಟು ಜಾಗ ಬಿಟ್ಟು ಮುಂದೆ ಹೋಗುತ್ತಿದ್ದರು. ಈಗ ಮಷೀನಿನ ಸದ್ದಿನಲ್ಲಿ ಹಕ್ಕಿ ಎದ್ದದ್ದೂ ಕೇಳುವುದಿಲ್ಲ, ತಂತಿ ಸುತ್ತುವ ವೇಗದಲ್ಲಿ ಮೊಟ್ಟೆ ಉಳಿಯುವುದೂ ಇಲ್ಲ. ನಿಮ್ಮವರು ಕೂಗಿ ಕರೆದರಲ್ಲ, ಅವರಿಗೆ ನನ್ನ ಕಡೆಯಿಂದ ಧನ್ಯವಾದ ಹೇಳಿ. ಜನವರಿಯಿಂದ ಜೂನ್ ತನಕ ಇವು ಹೆಚ್ಚಾಗಿ ಮೊಟ್ಟೆ ಇಡುವ ಕಾಲ. ಸಾಮಾನ್ಯವಾಗಿ ಮೂರರಿಂದ ಐದು ಮೊಟ್ಟೆ. ನಾವು ಮಳೆಗೆ ಮುಂಚೆ ಸವರಿ ಮುಗಿಸೋಣ ಅಂತ ಹೊರಡುವುದೂ ಇದೇ ತಿಂಗಳುಗಳಲ್ಲಿ. ಕನಿಷ್ಠ ಹಳ್ಳದ ಬದಿ, ಕಾನಿನ ಅಂಚು ಈ ಎರಡು ಕಡೆ ಬೇಸಿಗೆಯಲ್ಲಿ ಮಷೀನ್ ಇಳಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಾಳೆಹೊನ್ನೂರು ಬೆಳೆಗಾರ:

ಕೊಪ್ಪದವರು ಹೇಳಿದ್ದು ಒಪ್ಪುತ್ತೇನೆ. ಆದರೆ ಬೆಳೆಗಾರರ ಕಷ್ಟವನ್ನೂ ನೋಡಬೇಕು ಅಲ್ವಾ? ಕೆಲಸದವರು ಸಿಗುವುದೇ ವರ್ಷಕ್ಕೆ ಕೆಲವು ವಾರ. ಈಗ ಬಿಟ್ಟರೆ ಮಳೆ ಶುರುವಾಗುತ್ತದೆ, ಆಮೇಲೆ ಸವರಿದ್ದು ಮತ್ತೆ ಚಿಗುರುತ್ತದೆ. ಲಂಟಾನ ಬಿಟ್ಟರೆ ಹಂದಿ ಬಂದು ಸೇರುತ್ತವೆ, ಬೇಸಿಗೆಯಲ್ಲಿ ಬೆಂಕಿಯ ಭಯ ಬೇರೆ. ಅಕ್ಕನವರು ಗೂಡಿನ ಸುತ್ತ ಜಾಗ ಬಿಟ್ಟು, ಉಳಿದ ಕಡೆ ಮೇಲಿನಿಂದ ಕೆಲಸ ಮಾಡಿಸಿದರೆ ಆಗುವುದಿಲ್ಲವಾ?

ಕೊಪ್ಪದ ಕಾನು:

ಅಣ್ಣ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ನಾನೂ ಕೂಲಿ ಕೊಟ್ಟೇ ಕೆಲಸ ಮಾಡಿಸುವವನು. ಲಂಟಾನವನ್ನು ಸಾಕಿ ಅಂತ ನಾನು ಹೇಳುವುದಿಲ್ಲ, ಅದು ಹೊರಗಿನಿಂದ ಬಂದ ಕಳೆ, ಹೋಗಲೇಬೇಕು. ಆದರೆ ಅದರ ಜಾಗಕ್ಕೆ ಇನ್ನೊಂದು ಮರೆ ಬರುವ ಮೊದಲೇ ಎಲ್ಲವನ್ನೂ ಒಂದೇ ಸಲ ಬೋಳಿಸಿದರೆ ಹಕ್ಕಿಗೆ ಅಡಗಲು ಏನೂ ಉಳಿಯುವುದಿಲ್ಲ. ಮೇಲ್ಗಡೆ ಹಳೇ ತೋಟದಲ್ಲಿ ಕೆಲಸ ಮುಂದುವರಿಸಲಿ, ತೊಂದರೆ ಇಲ್ಲ. ಹಳ್ಳದ ಬದಿ ಮಾತ್ರ ಈ ಮಳೆಗಾಲ ಕಳೆಯುವವರೆಗೆ ಬಿಡಲಿ. ಒಂದು ವರ್ಷ ಗಿಡ ನೆಡುವುದು ತಡವಾಗುತ್ತದೆ, ಅದು ನಷ್ಟವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಜೋಡಿ ಒಮ್ಮೆ ಹೋದರೆ ಅದರ ಜಾಗಕ್ಕೆ ಇನ್ನೊಂದು ಜೋಡಿ ಬರಬೇಕಾದರೆ ಪಕ್ಕದಲ್ಲೇ ಅಂಥದ್ದೇ ಪೊದೆಕಾಡು ಇರಬೇಕು. ಸುತ್ತ ಎಲ್ಲರ ತೋಟವೂ ಬೋಳಾಗಿದ್ದರೆ ಎಲ್ಲಿಂದ ಬರಬೇಕು?

ಕಮಲಾಪುರದ ಬಂಡೆ:

ನಿಮ್ಮ ಮಾತುಗಳನ್ನು ಓದಿ ತುಂಬಾ ಖುಷಿಯಾಯಿತು. ನಮ್ಮ ಕಡೆ, ಅಂದರೆ ಹಂಪಿ ಸುತ್ತಮುತ್ತ, ನಿಮ್ಮ ಕೆಂಪು ಚಿಟ್ಟುಕೋಳಿಯ ದಾಯಾದಿ ಇದೆ, ಬಣ್ಣದ ಚಿಟ್ಟುಕೋಳಿ. ನಿಮ್ಮದಕ್ಕಿಂತ ಸ್ವಲ್ಪ ಚಿಕ್ಕದು, 32 ಸೆಂ.ಮೀ. ಗಂಡಿನ ಕಂದುಗೆಂಪು ಬೆನ್ನಿನ ಮೇಲೆ ಕಪ್ಪು ಅಂಚಿನ ಬಿಳಿ ಚುಕ್ಕೆಗಳು, ತಲೆ ಕಪ್ಪು, ಅದರ ಮೇಲೂ ಬಿಳಿ ಚುಕ್ಕೆ. ಕಣ್ಣ ಸುತ್ತ ಕೆಂಪು ಚರ್ಮ ಇಲ್ಲ, ಕಾಲೂ ಕೆಂಪಲ್ಲ. ಹೆಣ್ಣು ಸರಳ ಕಂದು.

ಇದಕ್ಕೆ ಒದ್ದೆ ಕಾಡು ಬೇಡ. ಬಂಡೆ, ಕುರುಚಲು, ಬಿಸಿಲು. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಸಂಜೆ ಹೊತ್ತು ವೀಕ್ಷಣಾ ಗೋಪುರದಿಂದ ನೋಡಿದರೆ ಕರಡಿಗೆ ಅಂತ ಬಂಡೆ ಮೇಲೆ ಇಟ್ಟದ್ದನ್ನು ಹೆಕ್ಕಲು ಗೌಜಲಹಕ್ಕಿಗಳ ಜೊತೆ ಇವೂ ಬರುತ್ತವೆ. ಎಷ್ಟೋ ಜನ ಕರಡಿ ನೋಡಲು ಬಂದು ಕೊನೆಗೆ ಈ ಹಕ್ಕಿಯ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಒಂದು ಪ್ರಶ್ನೆ ಕೊಪ್ಪದವರಿಗೆ. ಇವನ್ನು ಗೌಜಲದ ಜಾತಿ ಅನ್ನಬೇಕೋ, ಕೋಳಿ ಜಾತಿ ಅನ್ನಬೇಕೋ? ನಮ್ಮಲ್ಲಿ ಎರಡೂ ಹೇಳುತ್ತಾರೆ.

ಕೊಪ್ಪದ ಕಾನು:

ಒಳ್ಳೆಯ ಪ್ರಶ್ನೆ ಸರ್. ಗೌಜಲ, ಕಾಡುಕೋಳಿ, ನವಿಲು, ಬುರ್ಲಿ ಎಲ್ಲವೂ ಒಂದೇ ದೊಡ್ಡ ಕುಟುಂಬದವು. ಅದರೊಳಗೆ ಚಿಟ್ಟುಕೋಳಿಗಳದ್ದು ಬೇರೆಯೇ ಕವಲು. ಮೂರೇ ಜಾತಿ. ನಮ್ಮ ಕೆಂಪು, ನಿಮ್ಮ ಬಣ್ಣದ್ದು, ಮೂರನೆಯದು ಶ್ರೀಲಂಕಾದ ಮಳೆಕಾಡಿನದು. ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಇವು ಸಹಜವಾಗಿ ಬೇರೆಲ್ಲೂ ಇರುವವಲ್ಲ. ಡಿಎನ್‌ಎ ಹೋಲಿಸಿ ನೋಡಿದಾಗ ಇವಕ್ಕೆ ತೀರಾ ಹತ್ತಿರದ ನೆಂಟ ಸಿಕ್ಕಿದ್ದು ಬೋರ್ನಿಯೊ ದ್ವೀಪದ ಬೆಟ್ಟಕಾಡಿನಲ್ಲಿ, ಕಡುಗೆಂಪು ತಲೆಯ ಒಂದು ಗೌಜಲ. ಆಮೇಲಿನ ನೆಂಟರು ಆಗ್ನೇಯ ಏಷ್ಯಾದ, ಬಾಲದ ಮೇಲೆ ಕಣ್ಣಿನಂಥ ಗುರುತುಗಳಿರುವ ಪುಟ್ಟ ನವಿಲು-ಫೆಸೆಂಟ್‌ಗಳು. ಅವುಗಳ ಗಂಡಿಗೂ ಒಂದು ಕಾಲಿಗೆ ಒಂದಕ್ಕಿಂತ ಹೆಚ್ಚು ಮುಳ್ಳು ಇರುತ್ತದೆ. ನಮ್ಮ ಹಳ್ಳದ ಪೊದೆಯಲ್ಲಿರುವ ಹಕ್ಕಿಯ ನೆಂಟಸ್ತಿಕೆ ಸಮುದ್ರದಾಚೆಯವರೆಗೆ ಹೋಗುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಹಿಮಾಲಯದ ತಪ್ಪಲು, ಈಶಾನ್ಯ ರಾಜ್ಯಗಳ ಕಾಡಿನಲ್ಲಿ ಬೆಟ್ಟದ ಗೌಜಲಗಳು ಅಂತ ಬೇರೊಂದು ಗುಂಪಿದೆ. ಅವೂ ಹೀಗೇ ನಾಚಿಕೆಯ ಹಕ್ಕಿಗಳು, ಹೀಗೇ ತರಗೆಲೆ ಕೆದರುತ್ತವೆ. ಪಶ್ಚಿಮ ಘಟ್ಟದಲ್ಲಿ ಆ ಗುಂಪಿನ ಒಂದೂ ಇಲ್ಲ. ಇಲ್ಲಿ ಆ ಕೆಲಸ ಚಿಟ್ಟುಕೋಳಿಯದ್ದು.

ನಮ್ಮ ಕೆಂಪು ಚಿಟ್ಟುಕೋಳಿಯಲ್ಲೇ ಊರಿಗೊಂದು ಛಾಯೆ. ಅರಾವಳಿ ಬೆಟ್ಟಗಳದ್ದು ತಿಳಿ ಬಣ್ಣ, ಕೇರಳದ್ದು ಗಾಢ. ಒಟ್ಟಾರೆ ಅಳಿವಿನ ಅಂಚಿನಲ್ಲಿರುವ ಹಕ್ಕಿ ಅಲ್ಲ, ಜಾಗತಿಕ ಪಟ್ಟಿಯಲ್ಲಿ ಆತಂಕ ಕಡಿಮೆ ಇರುವ ಗುಂಪಿನಲ್ಲೇ ಇದೆ. ಆ ಪಟ್ಟಿ ನೋಡಿ ನಾವು ಸುಮ್ನೆ ಕೂರಬಾರದು ಅಷ್ಟೇ. ದೇಶದಲ್ಲಿ ಬೇಕಾದಷ್ಟು ಇದ್ದರೂ ಒಂದು ಊರಿನ ಹಳ್ಳದಿಂದ ಅದು ಮರೆಯಾಗಬಹುದು.

ಹಾನುಬಾಳು ತೋಟ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಸಂಜೆ ಮೇಲಿನ ರಸ್ತೆಯಿಂದ ಬೈನಾಕ್ಯುಲರ್‌ನಲ್ಲಿ ನೋಡಿದೆ, ತಾಯಿ ಬಂದು ಕೂತಿದೆ! ಎಲೆಗಳ ಮಧ್ಯೆ ಕಣ್ಣಿನ ಕೆಂಪು ಮಾತ್ರ ಗೊತ್ತಾಯಿತು. ಹಳ್ಳದ ಬದಿ ಕೆಲಸ ಪೂರ್ತಿ ನಿಲ್ಲಿಸಿದ್ದೇನೆ. ಮನೆಯವರೂ ಒಪ್ಪಿದರು. ಅತ್ತೆಗೆ ಇದನ್ನೆಲ್ಲ ಓದಿ ಹೇಳಿದೆ, ಅವರು ಚಿಕ್ಕವರಿದ್ದಾಗ ತವರಿನ ಕಾಡಿನ ದಾರಿಯಲ್ಲಿ ಇವು ದಿನಾ ಕಾಣುತ್ತಿದ್ದವಂತೆ.

ಇನ್ನೆರಡು ಕೇಳಬೇಕು. ನಮ್ಮಲ್ಲಿ ಎರಡು ನಾಯಿಗಳಿವೆ, ತೋಟದ ತುಂಬಾ ಓಡಾಡುತ್ತವೆ. ಏನು ಮಾಡುವುದು? ಮತ್ತೆ, ಮಳೆಗಾಲ ಆದ ಮೇಲೆ ಆ ಜಾಗದಲ್ಲಿ ಕಾಫಿ ಹಾಕಲೇಬಾರದಾ? ಮರಿ ಹೊರಟಿತು ಅಂತ ಗೊತ್ತಾಗುವುದು ಹೇಗೆ?

ಕೊಪ್ಪದ ಕಾನು:

ಅಕ್ಕ, ಓದಿ ಮನಸ್ಸು ತುಂಬಿತು. ನಿಮ್ಮತ್ತೆಯ ನೆನಪುಗಳನ್ನು ಬರೆದಿಡಿ. ಯಾವ ಊರು, ಯಾವ ತರಹದ ಕಾಡು ಅಂತ. ಅಂಥ ಮಾಹಿತಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ನಾಯಿಗಳನ್ನು ಕಟ್ಟಿಹಾಕಲೇಬೇಕು. ಮುಖ್ಯವಾಗಿ ಬೆಳಗಿನ ಜಾವ ಮತ್ತು ಸಂಜೆ, ಹಕ್ಕಿ ಮೇಯಲು ಏಳುವ ಹೊತ್ತು. ಮರಿಗಳು ಹೊರಗೆ ಬಂದ ಮೇಲೆ ಇನ್ನೂ ಜಾಸ್ತಿ ಎಚ್ಚರ ಬೇಕು, ಹಾರಲು ಬರುವವರೆಗೆ ಅವಕ್ಕೆ ಓಡುವುದೊಂದೇ ದಾರಿ. ಜೂನ್ ಕಳೆಯುವವರೆಗೆ ಹಳ್ಳದ ಕಡೆ ಬಿಡಬೇಡಿ.

ಕಾಫಿ ಹಾಕಬಾರದು ಅಂತ ಇಲ್ಲ. ನನ್ನನ್ನು ಕೇಳಿದರೆ ನೀರಿನ ಅಂಚಿನಿಂದ ಒಂದು ಅಗಲವಾದ ಪಟ್ಟಿ ಹಾಗೇ ಬಿಟ್ಟುಬಿಡಿ, ಮಳೆಗಾಲದಲ್ಲಿ ದಡ ಕುಸಿಯದಂತೆ ತಡೆಯುವುದೂ ಅದೇ. ಬಿದಿರು ಮೆಳೆ, ಅತ್ತಿ ಮರ ಮುಟ್ಟಬೇಡಿ. ಅದರ ಮೇಲ್ಗಡೆ ಮಳೆ ನಿಂತ ಮೇಲೆ, ಅಕ್ಟೋಬರ್ ಹೊತ್ತಿಗೆ, ಲಂಟಾನವನ್ನು ಪಟ್ಟಿ ಪಟ್ಟಿಯಾಗಿ ಬೇರು ಸಮೇತ ತೆಗೆಸಿ. ಒಂದು ಪಟ್ಟಿ ತೆಗೆದರೆ ಪಕ್ಕದ್ದು ಮುಂದಿನ ವರ್ಷಕ್ಕೆ. ತೆಗೆದ ಕಡೆ ಕಾಫಿ ಜೊತೆ ಒಂದಿಷ್ಟು ಕಾಡುಗಿಡ ಚಿಗುರಲು ಬಿಡಿ. ಕಳೆನಾಶಕ ಮಾತ್ರ ಆ ಕಡೆ ತರಬೇಡಿ, ಹಳ್ಳದ ನೀರೂ ಹಾಳು, ಹಕ್ಕಿ ಹೆಕ್ಕುವ ನೆಲವೂ ಹಾಳು. ತರಗೆಲೆ ಗುಡಿಸಿ ಸುಡಿಸಬೇಡಿ, ಅದರಲ್ಲೇ ಇದೆ ಅವುಗಳ ಊಟ.

ಮರಿ ಹೊರಟದ್ದು ಗೊತ್ತಾಗುವುದು ಚಿಪ್ಪಿನಿಂದ. ತಾಯಿ ಕೂತಿರುವುದು ಕಾಣದೆ ಒಂದೆರಡು ದಿನ ಕಳೆದ ಮೇಲೆ ಒಬ್ಬರೇ ಹೋಗಿ ನೋಡಿ. ಮೊಟ್ಟೆಯ ದಪ್ಪ ತುದಿಯ ಕಡೆ ಮುಚ್ಚಳ ಬಿಚ್ಚಿದಂತೆ ಸುತ್ತಲೂ ಒಡೆದು ಎರಡು ಭಾಗವಾಗಿದ್ದರೆ ಮರಿ ತಾನಾಗಿ ಹೊರಗೆ ಬಂದಿದೆ. ಚೂರುಚೂರಾಗಿ ಚದುರಿದ್ದರೆ, ಪಕ್ಕದಲ್ಲಿ ತೂತಾಗಿ ಲೋಳೆ ಅಂಟಿದ್ದರೆ ಏನೋ ತಿಂದಿದೆ. ಹಾಗಾದರೂ ಎದೆಗುಂದಬೇಡಿ, ಇನ್ನೂ ಕಾಲ ಇರುವುದರಿಂದ ಅದೇ ಜೋಡಿ ಹತ್ತಿರದಲ್ಲೇ ಮತ್ತೆ ಮೊಟ್ಟೆ ಇಡಬಹುದು. ಎರಡರಲ್ಲಿ ಯಾವುದಾದರೂ ದಿನಾಂಕ ಹಾಕಿ ಇಲ್ಲಿ ಬರೆಯಿರಿ. ಹಕ್ಕಿ ಕಂಡದ್ದನ್ನು ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಸೇರಿಸುವುದಾದರೆ ಮರಿಗಳು ಹೊರಟ ಮೇಲೆ ಸೇರಿಸಿ, ಗೂಡಿನ ನಿಖರ ಜಾಗ ಹಾಕದೆ ಊರಿನ ಹೆಸರಷ್ಟೇ ಕೊಡಿ.